ಕುರ್ಚಿ ಬಿಟ್ಟೇಳದವರು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನ್ಯಾಯ ಹುಡುಕಬೇಡಿ. ಆರೋಪ ನನ್ನದು, ಸಾಕ್ಷಿ ನಾನು, ತೀರ್ಪೂ ನನ್ನದೇ. ಯಾರ ಬಗ್ಗೆ ಬರೆಯುತ್ತಿದ್ದೇನೋ ಅವರಿಗೆ ಕನ್ನಡದ ಒಂದಕ್ಷರವೂ ಬರುವುದಿಲ್ಲ. ಹಾಗಾಗಿ ಅವರ ಮರುಮಾತಿಗೆ ಇಲ್ಲಿ ಜಾಗವಿಲ್ಲ. ಅಮೆರಿಕದ ಸಂವಿಧಾನವನ್ನು ವರ್ಷಗಟ್ಟಲೆ ಓದಿದವಳು ಹೀಗೆಲ್ಲ ಬರೆಯಬಾರದು ಎಂದು ನನ್ನ ಗಂಡ ಹೇಳುತ್ತಾನೆ. ಓದಿದ್ದಕ್ಕೇ ಹೀಗೆ ಬರೆಯುತ್ತಿದ್ದೇನೆ.

ನಾನು ಗದಗಿನವಳು. ಅಮ್ಮ ಅಲ್ಲಿನ ಹೈಸ್ಕೂಲೊಂದರಲ್ಲಿ ಪೌರನೀತಿ ಕಲಿಸುತ್ತಿದ್ದಳು. ಧಾರವಾಡದಲ್ಲಿ ಕಾನೂನು ಓದಿ, ಮೈಸೂರಿನ ಹುಡುಗನನ್ನು ಮದುವೆಯಾಗಿ, ಅವನ ಕೆಲಸದ ಹಿಂದೆ ನೆದರ್ಲೆಂಡ್ಸಿಗೆ ಬಂದೆ. ಅವನ ಆಫೀಸು ನ್ಯೂವೆಗೈನ್‌ನಲ್ಲಿ, ನಮ್ಮ ಮನೆಯಿಂದ ಸೈಕಲ್ ದೂರ. ನಾನು ಟ್ರಾಮ್ ಹಿಡಿದು, ಉಟ್ರೆಕ್ಟಿನಲ್ಲಿ ರೈಲು ಬದಲಿಸಿ, ಒಂದು ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದೆ. ಯಾವ ಊರಿನದು ಎಂದು ಹೇಳುವುದಿಲ್ಲ. ಅಲ್ಲಿ ನಾನು ಪಿಎಚ್‌ಡಿಗೆ ಸೇರಿದ ವಿಷಯ ಅಮೆರಿಕದ ಸಂವಿಧಾನ.

ಡಚ್ಚರ ದೇಶದಲ್ಲಿ ಕೂತು ಅಮೆರಿಕದ ಸಂವಿಧಾನ ಓದುವುದು ಯಾಕೆ ಎಂದು ಎಲ್ಲರೂ ಕೇಳುತ್ತಿದ್ದರು. ಕಾರಣವಿತ್ತು. ಈ ದೇಶದ ನ್ಯಾಯಾಧೀಶರು ಸಂಸತ್ತು ಮಾಡಿದ ಕಾನೂನನ್ನು ಸಂವಿಧಾನಕ್ಕೆ ವಿರುದ್ಧವಾಗಿದೆ ಎಂದು ತಳ್ಳಿಹಾಕುವಂತಿಲ್ಲ. ಹಾಗೆಂದು ಇವರ ಸಂವಿಧಾನದಲ್ಲೇ ಬರೆದಿದೆ. ಇವರದು ನಂಬಿಕೆಯ ಮೇಲೆ ನಡೆಯುವ ರಾಜ್ಯ. ಕಿಟಕಿಗೆ ಪರದೆ ಹಾಕದೆ, ದಾರಿಯಲ್ಲಿ ಹೋಗುವವರಿಗೆ ತಮ್ಮ ಊಟದ ಮೇಜು ತೋರಿಸಿಕೊಂಡು ಬದುಕುವ ಜನ. ಅಮೆರಿಕದ ಸಂವಿಧಾನ ಬರೆದವರು ಇದಕ್ಕೆ ಪೂರ್ತಿ ಉಲ್ಟಾ. ಅವರು ಯಾರನ್ನೂ ನಂಬಲಿಲ್ಲ. ರಾಜನನ್ನು ಓಡಿಸಿದವರು ಮುಂದೆ ಬರುವ ಅಧ್ಯಕ್ಷನನ್ನು ನಂಬಲಿಲ್ಲ, ಜನಪ್ರತಿನಿಧಿಗಳನ್ನು ನಂಬಲಿಲ್ಲ, ಜನ ಗುಂಪುಗೂಡಿದರೆ ಅವರನ್ನೂ ನಂಬಲಿಲ್ಲ. ತಮ್ಮನ್ನು ತಾವೂ ಅಷ್ಟಾಗಿ ನಂಬಲಿಲ್ಲ. ಅವರಲ್ಲಿ ಹಲವರು ಮನುಷ್ಯರನ್ನು ಆಸ್ತಿಯಾಗಿ ಇಟ್ಟುಕೊಂಡೇ ಸ್ವಾತಂತ್ರ್ಯದ ಮಾತಾಡಿದವರು. ತಮ್ಮ ಮೇಲೆ ಅನುಮಾನ ಪಡಲು ಅವರಿಗೆ ಬೇರೆ ಕಾರಣ ಬೇಕಿರಲಿಲ್ಲ.

ಆ ಅನುಮಾನವೇ ನನಗೆ ಹಿಡಿಸಿತು. ಗದಗಿನ ನಮ್ಮ ಅಜ್ಜಿಯ ಮನೆಯಲ್ಲಿ ಉಗ್ರಾಣದ ಬೀಗದ ಕೈ ಅಜ್ಜಿಯ ಸೊಂಟದಲ್ಲಿ, ಒಲೆ ದೊಡ್ಡಮ್ಮನ ಕೈಯಲ್ಲಿ, ಪೇಟೆಗೆ ಹೋಗುವುದು ದೊಡ್ಡಪ್ಪ. ಮೂವರೂ ಒಬ್ಬರಿಗೊಬ್ಬರು ಸೋಲದೆ ಒಂದು ಹೊತ್ತಿನ ಸಾರು ಆಗುತ್ತಿರಲಿಲ್ಲ. ಅಮೆರಿಕದವರು ಮಾಡಿದ್ದೂ ಅದನ್ನೇ. ಕಾನೂನು ಬರೆಯುವವರು ಒಬ್ಬರು, ನಡೆಸುವವರು ಇನ್ನೊಬ್ಬರು, ಅರ್ಥ ಹೇಳುವವರು ಮತ್ತೊಬ್ಬರು. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈಹಾಕಿ ತಡೆಯಲು ಸ್ವಲ್ಪ ಸ್ವಲ್ಪ ಅವಕಾಶ. ಅಧ್ಯಕ್ಷ ಮಸೂದೆಯನ್ನು ತಿರಸ್ಕರಿಸಬಹುದು, ಎರಡು ಸದನಗಳು ಮೂರನೇ ಎರಡರಷ್ಟು ಮತದಿಂದ ಅವನ ತಿರಸ್ಕಾರವನ್ನೇ ತಿರಸ್ಕರಿಸಬಹುದು. ಇದರ ಕೆಳಗಿರುವ ತಳಪಾಯ ಒಂದೇ ಮಾತು. ಯಾರೂ ತಮ್ಮ ವ್ಯಾಜ್ಯಕ್ಕೆ ತಾವೇ ನ್ಯಾಯಾಧೀಶರಾಗಬಾರದು.

ನನ್ನ ಪ್ರಬಂಧದ ಮುಖ್ಯ ಅಧ್ಯಾಯ ಹುಟ್ಟಿದ್ದು ಆ ತಳಪಾಯದಲ್ಲಿ ನನಗೆ ಕಂಡ ಒಂದು ಬಿರುಕಿನಿಂದ. ಅಲ್ಲಿ ದೊಡ್ಡ ಅಧಿಕಾರಿಯೊಬ್ಬ ತಪ್ಪು ಮಾಡಿದರೆ ಕೆಳಮನೆ ಆರೋಪ ಹೊರಿಸುತ್ತದೆ, ಮೇಲ್ಮನೆಯಾದ ಸೆನೆಟ್ ವಿಚಾರಣೆ ನಡೆಸುತ್ತದೆ. ಸೆನೆಟ್ಟಿನ ಸಭಾಪತಿ ಉಪಾಧ್ಯಕ್ಷ. ಆದರೆ ವಿಚಾರಣೆ ಅಧ್ಯಕ್ಷನದ್ದಾದರೆ ಉಪಾಧ್ಯಕ್ಷ ಆ ಕುರ್ಚಿಯಲ್ಲಿ ಕೂರುವಂತಿಲ್ಲ, ಮುಖ್ಯ ನ್ಯಾಯಮೂರ್ತಿ ಬಂದು ಕೂರಬೇಕು. ಅಧ್ಯಕ್ಷ ಹೋದರೆ ಲಾಭ ಉಪಾಧ್ಯಕ್ಷನಿಗೇ ತಾನೆ? ಅಷ್ಟು ದೂರ ಯೋಚಿಸಿದ ಮಹಾಶಯರು ಇನ್ನೊಂದು ಹೆಜ್ಜೆ ಮುಂದೆ ಹೋಗಲಿಲ್ಲ. ಆರೋಪ ಉಪಾಧ್ಯಕ್ಷನ ಮೇಲೆಯೇ ಬಂದರೆ? ಅವನು ಕುರ್ಚಿ ಬಿಟ್ಟೇಳಬೇಕು ಎಂದು ಎಲ್ಲಿಯೂ ಬರೆದಿಲ್ಲ. ಅಕ್ಷರಕ್ಕೆ ಅಂಟಿಕೊಂಡು ಓದಿದರೆ ಅವನು ತನ್ನ ವಿಚಾರಣೆಗೆ ತಾನೇ ಅಧ್ಯಕ್ಷತೆ ವಹಿಸಬಹುದು. ಈ ತೂತನ್ನು ನನಗಿಂತ ಮೊದಲು ನೋಡಿ ನಕ್ಕವರು ಬೇಕಾದಷ್ಟು ಜನ ಇದ್ದಾರೆ. ನಾನು ನಗಲಿಲ್ಲ. ಬರೆದಿರದ ಜಾಗದಲ್ಲಿ ಸಂವಿಧಾನ ಯಾವುದರ ಮೇಲೆ ನಿಲ್ಲುತ್ತದೆ ಎಂದು ಕೇಳಿದೆ. ಕುರ್ಚಿಯಲ್ಲಿ ಕೂತವನ ನಾಚಿಕೆಯ ಮೇಲೆ, ಎಂಬುದು ನನ್ನ ಉತ್ತರ. ಆ ಉತ್ತರವನ್ನು ಪಕ್ಕಾ ಮಾಡಲು ಹಳೆಯ ಚರ್ಚೆಗಳನ್ನೆಲ್ಲ ಓದಿ, ಒಂದು ಇಡೀ ಚಳಿಗಾಲ ಲೈಬ್ರರಿಯಲ್ಲಿ ಕಳೆದಿದ್ದೆ.

ಈಗ ನನ್ನ ಮಾರ್ಗದರ್ಶಕರು. ಡಚ್ಚರು, ಎತ್ತರದ ಆಳು, ಬೆಳ್ಳಗಿನ ಗಡ್ಡ, ಮಳೆಯಲ್ಲೂ ಸೈಕಲ್ಲಿನಲ್ಲೇ ಬರುವವರು. ಮೊದಲ ದಿನವೇ, "ಪ್ರೊಫೆಸರ್ ಅನ್ನಬೇಡಿ, ಹೆಸರು ಹಿಡಿದು ಕರೆಯಿರಿ" ಎಂದಿದ್ದರು. ನನಗೆ ನಾಲಿಗೆ ಹೊರಳಲಿಲ್ಲ. ಮಧ್ಯಾಹ್ನ ಎಲ್ಲರೂ ಒಂದೇ ಉದ್ದನೆಯ ಮೇಜಿನ ಸುತ್ತ ಕೂತು ಬ್ರೆಡ್ಡು, ಚೀಸು ತಿನ್ನುತ್ತಿದ್ದೆವು. ಅವರೂ ತಮ್ಮ ಡಬ್ಬಿ ತಾವೇ ತೆರೆದು ನಮ್ಮ ನಡುವೆ ಕೂರುತ್ತಿದ್ದರು. ಧಾರವಾಡದಲ್ಲಿ ಗುರುಗಳ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ನಿಂತವಳಿಗೆ ಇದು ಸ್ವರ್ಗ. ಇಲ್ಲಿ ದೊಡ್ಡವರು, ಸಣ್ಣವರು ಅನ್ನುವುದೇ ಇಲ್ಲ ಎಂದು ಅಮ್ಮನಿಗೆ ಫೋನಿನಲ್ಲಿ ಕೊಚ್ಚಿಕೊಂಡಿದ್ದೆ.

ಆದರೆ ನನ್ನೊಳಗಿನ ಧಾರವಾಡ ಎಲ್ಲಿಗೂ ಹೋಗಿರಲಿಲ್ಲ. ನಮ್ಮಲ್ಲಿ ಬರೆದದ್ದನ್ನು ಮೊದಲು ಗುರುಗಳ ಕೈಗೆ ಕೊಡುತ್ತೇವೆ. ಅವರು ಹೂಂ ಅನ್ನುವ ತನಕ ಲೋಕಕ್ಕೆ ತೋರಿಸುವುದಿಲ್ಲ. ಆ ಅಧ್ಯಾಯವನ್ನು ನಾನು ಹಾಗೆಯೇ ಅವರ ಕೈಗಿಟ್ಟೆ. ಎರಡೂ ಕೈಯಲ್ಲಿ ಕೊಟ್ಟೆ, ಅವರು ಒಂದು ಕೈಯಲ್ಲಿ ತೆಗೆದುಕೊಂಡರು. ನನ್ನ ಜೊತೆಯ ಡಚ್ ಹುಡುಗಿಯರು ತಮ್ಮ ಬರಹವನ್ನು ಮೊದಲು ಸೆಮಿನಾರಿನಲ್ಲಿ ಹತ್ತು ಜನರ ಎದುರು ಓದಿ, ಆಮೇಲೆ ಮಾರ್ಗದರ್ಶಕರ ಜೊತೆ ಜಗಳವಾಡುತ್ತಿದ್ದರು. ಅದು ಅಹಂಕಾರ ಎಂದುಕೊಂಡಿದ್ದೆ. ಅದು ತಮ್ಮ ಬರಹಕ್ಕೆ ಅವರು ಹಾಕಿಕೊಳ್ಳುತ್ತಿದ್ದ ಬೀಗ ಎಂದು ಆಮೇಲೆ ಗೊತ್ತಾಯಿತು. ಪ್ರೊಫೆಸರು ಓದಿ, "ಚೆನ್ನಾಗಿದೆ, ಆದರೆ ಇನ್ನೂ ಹಣ್ಣಾಗಿಲ್ಲ. ಸ್ವಲ್ಪ ದಿನ ಪಕ್ಕಕ್ಕಿಡಿ" ಎಂದರು. ನಾನು ವಿಧೇಯಳಾಗಿ ಪಕ್ಕಕ್ಕಿಟ್ಟೆ.

ಮುಂದಿನ ಬೇಸಿಗೆಯಲ್ಲಿ ಕಾಫಿ ಯಂತ್ರದ ಬಳಿ ಯಾರೋ ಪ್ರೊಫೆಸರಿಗೆ ಅಭಿನಂದನೆ ಹೇಳುತ್ತಿದ್ದರು. ದೊಡ್ಡ ಪತ್ರಿಕೆಯಲ್ಲಿ ಲೇಖನ ಬಂದಿದೆಯಂತೆ. ನನ್ನ ಮೇಜಿಗೆ ಹೋಗಿ ತೆರೆದು ನೋಡಿದೆ. ಉಪಾಧ್ಯಕ್ಷ, ಕುರ್ಚಿ, ಬರೆದಿರದ ನಿಯಮ, ನಾಚಿಕೆ. ವಾಕ್ಯಗಳು ಅವರವು, ಎಲುಬು ನನ್ನದು. ನಾನು ಹುಡುಕಿದ್ದ ಉದಾಹರಣೆಗಳು ನಾನು ಜೋಡಿಸಿದ ಕ್ರಮದಲ್ಲೇ ಇದ್ದವು. ಕೊನೆಯ ಅಡಿಟಿಪ್ಪಣಿಯಲ್ಲಿ, ಉತ್ಸಾಹ ತುಂಬಿದ ಮಾತುಕತೆಗಳಿಗಾಗಿ ನನಗೆ ಧನ್ಯವಾದ ಹೇಳಿದ್ದರು. ನಾನು ಮಾತುಕತೆ ಆಗಿದ್ದೆ.

ಅವರ ಕೋಣೆಗೆ ಹೋಗಿ ಕೇಳಿದೆ. ದನಿ ಏರಲಿಲ್ಲ. ಸಿಟ್ಟು ಬಂದಾಗಲೂ ಬಹುವಚನ ಬಿಡದ ಮನೆಯಲ್ಲಿ ಬೆಳೆದವಳು ನಾನು.

"ವಿಚಾರಗಳು ನಮ್ಮಿಬ್ಬರ ನಡುವಿನ ಗಾಳಿಯಲ್ಲಿ ಇರುತ್ತವೆ" ಎಂದರು ಅವರು, ಮೃದುವಾಗಿ. "ಯಾರದು ಅಂತ ಗೆರೆ ಎಳೆಯುವುದು ಕಷ್ಟ. ನಿಮ್ಮ ಪ್ರಬಂಧದಲ್ಲಿ ನನ್ನ ಲೇಖನವನ್ನು ಉಲ್ಲೇಖಿಸಿ. ಅದರಿಂದ ನಿಮಗೆ ಅನುಕೂಲವೇ ಆಗುತ್ತದೆ."

ನನ್ನ ಮನೆಯ ದನ ಹೊಡೆದುಕೊಂಡು ಹೋಗಿ, ಹಾಲು ಬೇಕಿದ್ದರೆ ಬಂದು ಕೇಳು ಅಂದಹಾಗಿತ್ತು.

ದೂರು ಕೊಟ್ಟೆ. ಸಂಶೋಧನೆಯ ನಡತೆ ನೋಡಿಕೊಳ್ಳಲು ನಮ್ಮ ವಿಭಾಗದಲ್ಲಿ ಮೂವರ ಸಣ್ಣ ಸಮಿತಿಯೊಂದಿತ್ತು. ಅದರ ಅಧ್ಯಕ್ಷರು ಯಾರು ಎಂದು ನೀವೀಗ ಊಹಿಸಿರುತ್ತೀರಿ. ನನಗೂ ಗೊತ್ತಿತ್ತು. ಆದರೆ ಈ ಮನುಷ್ಯ ತಮ್ಮ ಮೇಲೆಯೇ ದೂರು ಬಂದಾಗ ಕುರ್ಚಿ ಬಿಟ್ಟೇಳುವುದಿಲ್ಲ ಎಂದು ನಾನು ಒಂದು ಕ್ಷಣವೂ ಅನುಮಾನಿಸಲಿಲ್ಲ. ಅದೇ ವಿಷಯದ ಮೇಲೆ ಲೇಖನ ಬರೆದವರಲ್ಲವೆ? ಅವರು ಏಳಲಿಲ್ಲ. ದೂರಿನಲ್ಲಿ ಹುರುಳಿಲ್ಲ ಎಂಬ ತೀರ್ಮಾನದ ಕೆಳಗೆ ಅವರದೇ ಸಹಿ ಇತ್ತು. ಸಮಿತಿಯ ಇನ್ನೊಬ್ಬ ಸದಸ್ಯೆ ನನ್ನ ಎರಡನೇ ಮಾರ್ಗದರ್ಶಕಿ, ಒಳ್ಳೆಯ ಹೆಂಗಸು, ಗಟ್ಟಿಯಾಗಿ ಸೀನಲೂ ಹೆದರುವವರು. ಅವರನ್ನು ಕಾರಿಡಾರಿನಲ್ಲಿ ತಡೆದು ಕೇಳಿದೆ. ಆಕೆ ನೆಲ ನೋಡುತ್ತ, "ಅಧ್ಯಕ್ಷರು ಏಳಬೇಕು ಅಂತ ನಮ್ಮ ನಿಯಮದಲ್ಲಿ ಬರೆದಿಲ್ಲ" ಎಂದರು.

ಅಂದು ರೈಲಿನಲ್ಲಿ ನಿಂತೇ ಬಂದೆ. ಕೂರಲು ಜಾಗವಿತ್ತು, ಕೂರಲಾಗಲಿಲ್ಲ. ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಳುತ್ತೇನೆ ಎಂದುಕೊಂಡಿದ್ದೆ. ಅವಳು ಅಳಲು ಬಿಡಲಿಲ್ಲ.

"ಯಾಕ ಅಳತಿ? ಅವಾ ಅಳಬೇಕು" ಎಂದಳು. "ಅವನ ಬಾಯಿಲೇನ ಹೇಳಸು, ಇದು ಆಕಿದು ಅಂತ. ಮಂದಿ ಮುಂದ ಹೇಳಸು. ಬಾಗಲಾ ಹಾಕ್ಕೊಂಡು ಒಳಗ ಹೇಳಿದ್ರ ಅದು ಲೆಕ್ಕಕ್ಕಿಲ್ಲ."

ಮೂವತ್ತು ವರ್ಷ ಮಕ್ಕಳಿಗೆ ನಾಗರಿಕರ ಕರ್ತವ್ಯ ಕಲಿಸಿದವಳ ಮಾತಿದು. ಅಲ್ಲಿಂದ ಮುಂದೆ ನನಗೆ ಬೇಕಾಗಿದ್ದು ಅದೊಂದೇ. ಲೇಖನ ಹಿಂತೆಗೆಯುವುದು ಬೇಡ, ಅವರ ಕೆಲಸ ಹೋಗುವುದು ಬೇಡ. ಆ ಅಧ್ಯಾಯ ಇವಳದು ಎಂದು ಆ ಗಡ್ಡದ ನಡುವಿನ ಬಾಯಿ ನಾಲ್ಕು ಜನರ ಮುಂದೆ ಹೇಳಬೇಕು.

ನನ್ನ ಗಂಡ ಬೇರೆ ಥರ. ಅವನಿಗೆ ಜಗಳ ಅಂದರೆ ಆಗದು. "ಯೂನಿವರ್ಸಿಟಿಯ ಮೇಲಿನ ಕಮಿಟಿಗೆ ಹೋದ್ರೆ ನಿನ್ನ ಥೀಸಿಸ್ ಡಿಫೆನ್ಸ್ ಮುಂದಕ್ಕೆ ಹೋಗತ್ತೆ ಕಣೇ. ಅವ್ರ ಸೈನ್ ಇಲ್ದೆ ಏನೂ ನಡಿಯಲ್ಲ" ಎಂದ. "ಫಸ್ಟು ಡಿಗ್ರಿ ತಗೋ. ಆಮೇಲೆ ಏನ್ ಬೇಕಾದ್ರೂ ಮಾಡು."

"ಆಮೇಲೆ ಯಾರು ಕೇಳ್ತಾರೆ?" ಎಂದೆ.

"ಹಂಗಲ್ಲ. ಸ್ವಲ್ಪ ಕ್ಷಮಿಸಿಬಿಡೋದೂ ಇರತ್ತಲ್ವಾ ಲೈಫಲ್ಲಿ."

ಅಮೆರಿಕದ ಅಧ್ಯಕ್ಷನಿಗೆ ಕ್ಷಮಾದಾನದ ಅಧಿಕಾರವಿದೆ. ದೇಶದ ಕಾನೂನು ಮುರಿದವರಲ್ಲಿ ಯಾರನ್ನು ಬೇಕಾದರೂ ಕ್ಷಮಿಸಬಹುದು, ಒಂದು ಕಡೆ ಬಿಟ್ಟು. ಅಧಿಕಾರದಲ್ಲಿ ಕೂತು ಮಾಡಿದ ತಪ್ಪಿಗೆ ಸೆನೆಟ್ಟಿನ ಮುಂದೆ ನಿಂತವನನ್ನು ಅವನೂ ಉಳಿಸುವಂತಿಲ್ಲ. ಬರೆದವರಿಗೆ ಬುದ್ಧಿಯಿತ್ತು. ಇದನ್ನೆಲ್ಲ ಗಂಡನಿಗೆ ವಿವರಿಸಿದೆ. ಅವನು ಪಾತ್ರೆ ತೊಳೆಯಲು ಎದ್ದು ಹೋದ.

ಆದರೂ ಅವನ ಮಾತಿನಲ್ಲಿ ಅರ್ಧ ಕೇಳಿದೆ. ಕಾದೆ. ಪ್ರೊಫೆಸರ ಎದುರು ನಗುನಗುತ್ತ ಬ್ರೆಡ್ಡು ತಿಂದೆ. ಅವರ ಲೇಖನವನ್ನು ನನ್ನ ಪ್ರಬಂಧದಲ್ಲಿ ಉಲ್ಲೇಖಿಸಿದೆ, ಒಂದಲ್ಲ ಹಲವು ಕಡೆ. ನನ್ನ ಅಧ್ಯಾಯದಲ್ಲೇ ನನ್ನ ವಿಚಾರಕ್ಕೆ ಅವರ ಹೆಸರು ಬರೆಯುವಾಗ ಕೈ ಉರಿಯುತ್ತಿತ್ತು. ಉರಿಯಲಿ ಎಂದು ಬರೆದೆ. ಹುಡುಗಿಗೆ ಬುದ್ಧಿ ಬಂತು ಎಂದುಕೊಂಡಿರಬೇಕು ಅವರು. ನಡುವೆ ಒಮ್ಮೆ ತಾವೇ ಕಾಫಿ ತಂದುಕೊಟ್ಟರು. ಕುಡಿದೆ.

ಡಚ್ಚರಲ್ಲಿ ಒಂದು ಹಳೆಯ ಪದ್ಧತಿಯಿದೆ. ಪಿಎಚ್‌ಡಿ ಪ್ರಬಂಧದ ಜೊತೆ ಒಂದು ಹಾಳೆಯಲ್ಲಿ ಕೆಲವು ಹೇಳಿಕೆಗಳನ್ನು ಅಚ್ಚು ಹಾಕಿಸಿ ಕೊಡಬೇಕು. ಇವಕ್ಕೆ ಸ್ಟೆಲ್ಲಿಂಗ್ ಎನ್ನುತ್ತಾರೆ. ಕೆಲವು ಪ್ರಬಂಧದ ಬಗ್ಗೆ, ಉಳಿದವು ಯಾವುದರ ಬಗ್ಗೆಯಾದರೂ ಆಗಬಹುದು. ಹವಾಮಾನದ ಬಗ್ಗೆ, ಸೈಕಲ್ಲುಗಳ ಬಗ್ಗೆ, ಮೀಟಿಂಗುಗಳ ಬಗ್ಗೆ ಜನ ತಮಾಷೆ ಮಾಡುತ್ತಾರೆ. ಆದರೆ ಬರೆದ ಮೇಲೆ ತಮಾಷೆಯೂ ಗಂಭೀರವೇ. ಸಾರ್ವಜನಿಕ ಪರೀಕ್ಷೆಯ ದಿನ ಪರೀಕ್ಷಕರು ಯಾವ ಹೇಳಿಕೆಯ ಮೇಲೆ ಬೇಕಾದರೂ ಪ್ರಶ್ನೆ ಕೇಳಬಹುದು, ಕೇಳಿದರೆ ಸಭೆಯ ಮುಂದೆ ಉತ್ತರಿಸಲೇಬೇಕು. ನನಗೆ ಬೇಕಾಗಿದ್ದ ಬಾಗಿಲು ಅದು.

ತೊಡಕೇನೆಂದರೆ ಆ ಹಾಳೆಗೂ ಮಾರ್ಗದರ್ಶಕರ ಒಪ್ಪಿಗೆ ಬೇಕು. ಹಾಗಾಗಿ ಬಹಳ ಸಪ್ಪೆಯಾಗಿ ಬರೆದೆ. ಹೇಳಿಕೆ ಇಷ್ಟೇ: ಅಧ್ಯಕ್ಷತೆ ವಹಿಸಿದವನ ಮೇಲೆಯೇ ದೂರು ಬಂದಾಗ ಅವನು ಕುರ್ಚಿ ಬಿಟ್ಟೇಳದ ಸಂಸ್ಥೆಗೆ ಸಂವಿಧಾನ ಇರುವುದಿಲ್ಲ, ಪೀಠೋಪಕರಣ ಮಾತ್ರ ಇರುತ್ತದೆ. ಮೇಲೊಂದು ಸೆನೆಟ್ಟಿನ ಹೇಳಿಕೆ, ಕೆಳಗೊಂದು ಡಚ್ ಮಳೆಯ ಹೇಳಿಕೆ, ನಡುವೆ ಇದು. ಅವರು ಬೇಡ ಅನ್ನುವಂತಿರಲಿಲ್ಲ. ಬೇಡ ಅಂದರೆ ತಮ್ಮದೆಂದು ಅಚ್ಚು ಹಾಕಿಸಿಕೊಂಡ ವಾದವನ್ನೇ ತಳ್ಳಿಹಾಕಿದಂತೆ. ಅವರಿಗೆ ಅನುಮಾನವೂ ಬರಲಿಲ್ಲ. ಪೀಠೋಪಕರಣ ಎಂಬಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ 'ಚಂದ' ಎಂದು ಡಚ್ಚಿನಲ್ಲಿ ಬರೆದು ಕಳಿಸಿದರು. ತಮ್ಮ ಬಗ್ಗೆ ಬರೆದದ್ದನ್ನು ಓದಿಯೂ ತಮ್ಮ ಬಗ್ಗೆ ಎಂದು ತಿಳಿಯದಷ್ಟು ನೆಮ್ಮದಿ ಅವರಿಗೆ.

ಪರೀಕ್ಷೆಯ ದಿನ ನಾನು ಇಳಕಲ್ ಸೀರೆ ಉಟ್ಟಿದ್ದೆ. ಸಭಾಂಗಣದ ಗೋಡೆಗಳ ಮೇಲೆ ಹಳೆಯ ಪ್ರೊಫೆಸರುಗಳ ತೈಲಚಿತ್ರಗಳು. ಅಭ್ಯರ್ಥಿಯ ಎರಡೂ ಬದಿಗೆ ಇಬ್ಬರು ಆಪ್ತರು ನಿಲ್ಲುವುದು ಇಲ್ಲಿನ ರೂಢಿ. ಒಂದು ಬದಿಗೆ ನನ್ನ ಗಂಡ, ಬಾಡಿಗೆಯ ಕರಿ ಕೋಟಿನಲ್ಲಿ. ಇನ್ನೊಂದು ಬದಿಗೆ ಗ್ರೋನಿಂಗನ್‌ನಲ್ಲಿ ಸಂಶೋಧನೆ ಮಾಡುತ್ತಿದ್ದ ಮಂಗಳೂರಿನ ಗೆಳತಿ. ಅವಳಿಗೆ ನನ್ನ ಉದ್ದೇಶ ಗೊತ್ತಿತ್ತು, ಗಂಡನಿಗೆ ಗೊತ್ತಿರಲಿಲ್ಲ. "ಹೆದರ್ಬೇಡ ಮಾರಾಯ್ತಿ, ಯಾರಾದ್ರೂ ಕೇಳಿಯೇ ಕೇಳ್ತಾರೆ" ಎಂದು ಅವಳು ಕಿವಿಯಲ್ಲಿ ಹೇಳಿದಳು. ಪರೀಕ್ಷಕರು ಕರಿ ನಿಲುವಂಗಿ, ಟೋಪಿ ತೊಟ್ಟು ಸಾಲಾಗಿ ಬಂದು ಕೂತರು. ನಮ್ಮ ಪ್ರೊಫೆಸರೂ ಕೂತರು. ಈ ವಿಶ್ವವಿದ್ಯಾಲಯದಲ್ಲಿ ಮಾರ್ಗದರ್ಶಕರು ಪ್ರಶ್ನೆ ಕೇಳುವ ಹಾಗಿಲ್ಲ, ಬಾಯಿ ಬಿಡುವ ಹಾಗಿಲ್ಲ. ಅವರ ಸರದಿ ಕೊನೆಗೆ, ಪದವಿ ಕೊಟ್ಟು ಹೊಗಳುವಾಗ.

ಪ್ರಶ್ನೋತ್ತರಕ್ಕೆ ಮುಕ್ಕಾಲು ಗಂಟೆ. ಅದು ಮುಗಿಯುತ್ತಿದ್ದಂತೆ ವಿಶ್ವವಿದ್ಯಾಲಯದ ದಂಡಧಾರಿ ಒಳಗೆ ಬಂದು, ಗೆಜ್ಜೆ ಕಟ್ಟಿದ ಕೋಲನ್ನು ನೆಲಕ್ಕೆ ಕುಟ್ಟಿ, ಹೊತ್ತು ಮುಗಿಯಿತು ಎಂದು ಲ್ಯಾಟಿನ್ನಿನಲ್ಲಿ ಕೂಗುತ್ತಾರೆ. ಆಗ ವಾಕ್ಯದ ನಡುವೆ ಇದ್ದರೂ ನಿಲ್ಲಿಸಬೇಕು.

ಮೊದಲನೆಯವರು ರಾಜ್ಯಗಳ ಅಧಿಕಾರದ ಬಗ್ಗೆ ಕೇಳಿದರು. ಎರಡನೆಯವರು ತಿದ್ದುಪಡಿ ಯಾಕೆ ಅಷ್ಟು ಕಷ್ಟ ಮಾಡಿಟ್ಟಿದ್ದಾರೆ ಎಂದು ಕೇಳಿದರು. ಮೂರನೆಯವರು ತಮಗೆ ಗೊತ್ತಿದ್ದನ್ನೆಲ್ಲ ಹೇಳಿ, ಕೊನೆಗೆ ಪ್ರಶ್ನೆಯನ್ನೇ ಮರೆತರು. ಎಲ್ಲದಕ್ಕೂ ಉತ್ತರಿಸಿದೆ, ಚೆನ್ನಾಗಿಯೇ ಉತ್ತರಿಸಿದೆ. ಒಳಗೊಳಗೆ ಬೇಯುತ್ತಿದ್ದೆ. ಹೇಳಿಕೆಗಳ ಹಾಳೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಗೋಡೆಯ ಗಡಿಯಾರ ನೋಡಿದೆ. ಪ್ರೊಫೆಸರು ಕೈಕಟ್ಟಿಕೊಂಡು ಮೆಚ್ಚುಗೆಯಿಂದ ನನ್ನನ್ನೇ ನೋಡುತ್ತಿದ್ದರು.

ಕೊನೆಯವರು ಅಮೆರಿಕದಿಂದ ಬಂದಿದ್ದ ಪ್ರಾಧ್ಯಾಪಕಿ. ವಯಸ್ಸಾದವರು, ಕೂದಲು ಗಿಡ್ಡ, ಮಾತೂ ಗಿಡ್ಡ. ಅವರು ಹೇಳಿಕೆಗಳ ಹಾಳೆಯನ್ನು ಕೈಗೆತ್ತಿಕೊಂಡರು.

"ಈ ಪೀಠೋಪಕರಣದ ಹೇಳಿಕೆ" ಎಂದರು. "ನಿಮ್ಮ ಅಧ್ಯಾಯದಲ್ಲಿ ನೀವು ಬಹಳ ಸೌಮ್ಯ. ಇಲ್ಲಿ ಸಿಟ್ಟಿನಲ್ಲಿದ್ದೀರಿ. ಇದು ಓದಿ ತಿಳಿದದ್ದೋ, ಅನುಭವಿಸಿದ್ದೋ?"

"ಅನುಭವಿಸಿದ್ದು, ಮಹಾಪಂಡಿತ ಪರೀಕ್ಷಕರೇ" ಎಂದೆ. ಹಾಗೆಯೇ ಸಂಬೋಧಿಸಬೇಕು, ಅದೂ ಪದ್ಧತಿ.

"ಎಲ್ಲಿ?"

"ಈ ವಿಭಾಗದಲ್ಲಿ. ನೀವು ಸೌಮ್ಯ ಎಂದ ಆ ಅಧ್ಯಾಯ ಈ ಪುಸ್ತಕಕ್ಕೆ ಬರುವ ಮೊದಲೇ ಇನ್ನೊಬ್ಬರ ಹೆಸರಿನಲ್ಲಿ ಅಚ್ಚಾಯಿತು. ನಾನು ದೂರು ಕೊಟ್ಟೆ. ದೂರು ಯಾರ ಮೇಲಿತ್ತೋ ಅವರೇ ಸಮಿತಿಯ ಅಧ್ಯಕ್ಷರಾಗಿ ಕೂತು ಅದನ್ನು ವಜಾ ಮಾಡಿದರು. ಏಳಬೇಕೆಂದು ನಿಯಮದಲ್ಲಿ ಬರೆದಿರಲಿಲ್ಲವಂತೆ."

ಗಂಡ ಪಕ್ಕದಲ್ಲಿ ಉಸಿರೆಳೆದುಕೊಂಡದ್ದು ಕೇಳಿಸಿತು. ನಾನು ಹೇಳಿದ ಪ್ರತಿ ಪದವೂ ನನಗೆ ರುಚಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಪ್ರೊಫೆಸರ ಕಟ್ಟಿದ ಕೈಗಳು ಬಿಚ್ಚಿಕೊಂಡವು. ಬಾಯಿ ತೆರೆಯಿತು, ಪದ್ಧತಿ ನೆನಪಾಗಿ ಮುಚ್ಚಿತು. ಅವರು ಮಾತಾಡುವಂತಿರಲಿಲ್ಲ. ನನ್ನ ದೂರನ್ನು ಅವರು ಮುಚ್ಚಿದ ಕೋಣೆಯಲ್ಲಿ ಕೂತು ಓದುವಾಗ ನಾನೂ ಮಾತಾಡುವಂತಿರಲಿಲ್ಲ.

"ಆ ವ್ಯಕ್ತಿ ಈ ಸಭೆಯಲ್ಲಿ ಇದ್ದಾರೆಯೇ?" ಎಂದು ಪ್ರಾಧ್ಯಾಪಕಿ ಕೇಳಿದರು.

ನಾನು ಪ್ರೊಫೆಸರ ಕಡೆ ತಿರುಗಿ ನಿಂತೆ. "ಕೂತಿದ್ದಾರೆ" ಎಂದೆ. "ಅದೇ ಅಧ್ಯಾಯಕ್ಕೆ ಇವತ್ತು ನನಗೆ ಪದವಿ ಕೊಡಬೇಕಾದವರೂ ಅವರೇ. ಏಳಲು ಈಗಲೂ ಅವಕಾಶವಿದೆ. ಎದ್ದು, ಅದು ಯಾರದು ಎಂದು..."

ಗೆಜ್ಜೆಯ ಕೋಲು ನೆಲಕ್ಕೆ ಬಡಿಯಿತು.

ಪರೀಕ್ಷಕರು ಚರ್ಚಿಸಲು ಒಳಗೆ ಹೋದರು. ಗಂಡ ನನ್ನ ಮುಖ ನೋಡದೆ ಕೋಟಿನ ಗುಂಡಿ ಹಾಕುತ್ತ, ತೆಗೆಯುತ್ತ, "ಡಿಗ್ರಿ ಕೊಡದೇ ಇದ್ರೆ?" ಎಂದ. ಗೆಳತಿ ಅವನಿಗೆ ನೀರು ಕೊಟ್ಟಳು. ನನಗೆ ಭಯವೇ ಇರಲಿಲ್ಲ. ಈಗ ಇಡೀ ಸಭೆಗೆ ಗೊತ್ತಾಗಿದೆ, ಇನ್ನವರು ಹೊಗಳಿಕೆಯ ಭಾಷಣಕ್ಕೆ ಎದ್ದು ನಿಲ್ಲಲೇಬೇಕು, ನಿಂತರೆ ಆ ಅಧ್ಯಾಯದ ಬಗ್ಗೆ ಏನಾದರೂ ಹೇಳಲೇಬೇಕು. ನುಣುಚಿಕೊಳ್ಳಲು ದಾರಿಯಿಲ್ಲ. ಹಾಗೆಂದುಕೊಂಡಿದ್ದೆ.

ಬಹಳ ಹೊತ್ತಾದ ಮೇಲೆ ಬಂದರು. ಸಭೆ ನಡೆಸುತ್ತಿದ್ದ ಹಿರಿಯರು, ಪದವಿ ಕೊಡಲು ಎಲ್ಲರೂ ಒಪ್ಪಿದ್ದಾರೆ ಎಂದರು. ಆಮೇಲೆ, ಅಭ್ಯರ್ಥಿಯ ಹೇಳಿಕೆಯಲ್ಲಿರುವ ತತ್ವವನ್ನು ಗೌರವಿಸಿ ಪ್ರೊಫೆಸರು ತಾವಾಗಿಯೇ ಇಂದಿನ ಕಾರ್ಯದಿಂದ ಹಿಂದೆ ಸರಿದಿದ್ದಾರೆ, ಪದವಿಯನ್ನು ಎರಡನೇ ಮಾರ್ಗದರ್ಶಕಿ ಕೊಡುತ್ತಾರೆ ಎಂದರು. ಪ್ರೊಫೆಸರು ತಮ್ಮ ಜಾಗದಿಂದ ಎದ್ದು, ಸಾಲಿನ ತುದಿಯ ಕುರ್ಚಿಗೆ ಹೋಗಿ ತಲೆ ತಗ್ಗಿಸಿ ಕೂತರು. ಎಂಥ ವಿನಯ! ಸಭೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನಂತರ ಹಲವರು ತಟ್ಟಿದರು.

ನನ್ನ ಮೈಯೆಲ್ಲ ಬೆಂಕಿ ಹತ್ತಿಕೊಂಡಿತು. ದೂರು ಕೊಟ್ಟಾಗ ಏಳದವರು ಈಗ ಎದ್ದದ್ದು ಮಾತಾಡುವುದನ್ನು ತಪ್ಪಿಸಿಕೊಳ್ಳಲು. ಎದ್ದು, ಅದಕ್ಕೂ ಚಪ್ಪಾಳೆ ಗಿಟ್ಟಿಸಿಕೊಂಡರು. ಮೊದಲು ಅಧ್ಯಾಯ ಕದ್ದರು, ಈಗ ಅದರ ನೀತಿಯನ್ನೂ ಕದ್ದರು. ಎರಡನೇ ಮಾರ್ಗದರ್ಶಕಿ ನನ್ನ ಶ್ರದ್ಧೆ, ನನ್ನ ಸೀರೆ, ನಾನು ತರುತ್ತಿದ್ದ ಕೋಡುಬಳೆ ಎಲ್ಲವನ್ನೂ ಹೊಗಳಿದರು. ಅಧ್ಯಾಯದ ಸುದ್ದಿ ಎತ್ತಲಿಲ್ಲ. ಕೆಂಪು ಮುದ್ರೆಯ ಪದವಿಪತ್ರ ಕೈಗೆ ಬಂತು. ಡಾಕ್ಟರಾದೆ. ನನಗೆ ಬೇಕಾಗಿದ್ದು ಸಿಗಲಿಲ್ಲ.

ಪಕ್ಕದ ಹಜಾರದಲ್ಲಿ ಪಾನೀಯದ ಕೂಟ. ವೈನು, ಚೀಸಿನ ತುಂಡುಗಳು, ಬಿಸಿ ಮಾಂಸದ ಉಂಡೆಗಳು, ನಮ್ಮ ಕಡೆಯಿಂದ ಚಕ್ಕುಲಿ. ಜನ ಸಾಲಾಗಿ ಬಂದು ಕೈಕುಲುಕಿದರು. ಅವರಲ್ಲಿ ಇಬ್ಬರು ಪ್ರೊಫೆಸರ ದೊಡ್ಡತನ ಎಷ್ಟು ಅಪರೂಪ ಎಂದು ನನಗೇ ಹೇಳಿ ಹೋದರು. ಹಲ್ಲು ಕಚ್ಚಿ ನಕ್ಕೆ. ಸಾಲಿನ ಕೊನೆಯಲ್ಲಿ ಪ್ರೊಫೆಸರು ಬಂದರು, ನಿಲುವಂಗಿ ಕಳಚಿ, ಕೈಯಲ್ಲಿ ಲೋಟ ಹಿಡಿದು. ಬಾಗಿ, ಗದ್ದಲದಲ್ಲಿ ಬೇರೆ ಯಾರಿಗೂ ಕೇಳದಂತೆ ಹೇಳಿದರು:

"ಒಳ್ಳೆಯ ಅಧ್ಯಾಯ ನಿಮ್ಮದು. ಯಾವತ್ತೂ ನಿಮ್ಮದೇ. ಇಲ್ಲಿಗೆ ಮುಗಿಸೋಣವೇ?"

ಕೈ ಚಾಚಿದರು. ನಾನು ಆ ಕೈ ಹಿಡಿದೆ, ಬಿಡಲಿಲ್ಲ.

"ಕೇಳಿಸಲಿಲ್ಲ, ಪ್ರೊಫೆಸರ್" ಎಂದೆ ಡಚ್ಚಿನಲ್ಲಿ, ಹಜಾರದ ಆ ತುದಿಗೆ ಮುಟ್ಟುವಂತೆ. "ಸ್ವಲ್ಪ ಗಟ್ಟಿಯಾಗಿ ಹೇಳಿ."

ಸುತ್ತಲಿನವರು ನಮ್ಮ ಕಡೆ ತಿರುಗಿದರು. "ಅಭಿನಂದನೆ ಹೇಳುತ್ತಿದ್ದೆ" ಎಂದು ಅವರು ಎಲ್ಲರ ಕಡೆ ನೋಡಿ ನಕ್ಕರು.

"ಅದಲ್ಲ. ಅದಕ್ಕೆ ಮೊದಲು ಹೇಳಿದ್ದು."

ಅಮೆರಿಕದ ಪ್ರಾಧ್ಯಾಪಕಿ ಚಕ್ಕುಲಿ ಕೈಯಲ್ಲೇ ಹಿಡಿದು ಹತ್ತಿರ ಬಂದು ನಿಂತರು. ಎರಡನೇ ಮಾರ್ಗದರ್ಶಕಿಯೂ ಬಂದರು. ಪ್ರೊಫೆಸರು ಮೆಲ್ಲಗೆ ಕೈ ಎಳೆದುಕೊಳ್ಳಲು ನೋಡಿದರು. ನಮ್ಮ ಅಮ್ಮ ಗದಗಿನ ಹುಡುಗರ ಕಿವಿ ಹಿಡಿಯುತ್ತಿದ್ದ ಹಿಡಿತ ನನ್ನದು. ಅವರ ಕುತ್ತಿಗೆ ಗಡ್ಡದ ಕೆಳಗೆ ಕೆಂಪಾಗುತ್ತ ಬಂತು. ಈಗ ಅವರಿಗೆ ಎದ್ದು ಹೋಗಲು ಕುರ್ಚಿಯೂ ಇರಲಿಲ್ಲ.

"ಆ ಅಧ್ಯಾಯ ಇವರದು" ಎಂದರು. "ನನ್ನದಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎರಡನೇ ಮಾರ್ಗದರ್ಶಕಿ ನನ್ನ ಭುಜ ಮುಟ್ಟಿ ಅತ್ತುಬಿಟ್ಟರು. ಗಂಡ ಬಂದು ಮೊಣಕೈ ಹಿಡಿದು, "ಸಾಕು ಬಿಡೇ, ಹೇಳಿದ್ರಲ್ಲ, ಪಾಪ" ಎಂದ. ಸಮಾಧಾನ ಆಗುತ್ತದೆ ಎಂದು ನಾನೂ ಕಾದೆ. ಅದು ಬರಲಿಲ್ಲ. ಹಸಿವು ಬಂತು.

"ಇನ್ನೊಮ್ಮೆ ಹೇಳಿ" ಎಂದೆ.